ಸಿಂಗಾಪುರದಲ್ಲಿ ಮುಯಿಸ್: ಯಾವ ಕೆಲಸಕ್ಕೆ ಯಾರ ಬಾಗಿಲು ತಟ್ಟಬೇಕು

ಸಿಂಗಾಪುರಕ್ಕೆ ಬಂದ ಮೊದಲ ವಾರ ನನಗೆ ಅಜಾನ್ ಕೇಳಿಸಲೇ ಇಲ್ಲ. ತುಮಕೂರಿನ ನಮ್ಮ ಮನೆಯಲ್ಲಿ ಗಡಿಯಾರ ನೋಡುವ ಅಭ್ಯಾಸವೇ ಇರಲಿಲ್ಲ. ಅಜಾನ್ ಕೇಳಿದರೆ ಅಬ್ಬಾ ಎದ್ದು ನಮಾಜಿಗೆ ಕೈಕಾಲು ಮುಖ ತೊಳೆದು ವುಜೂ ಮಾಡುತ್ತಿದ್ದರು, ಅಮ್ಮಿ ಒಲೆ ಸಣ್ಣಗೆ ಮಾಡುತ್ತಿದ್ದರು. ಇಲ್ಲಿ ಮಸೀದಿ ಹತ್ತಿರದಲ್ಲೇ ಇತ್ತು, ಆದರೂ ಸದ್ದಿಲ್ಲ. ಆಮೇಲೆ ಗೊತ್ತಾಯ್ತು, 1970ರ ದಶಕದಲ್ಲೇ ಇಲ್ಲಿನ ಮಸೀದಿಗಳು ಧ್ವನಿವರ್ಧಕದ ಮುಖವನ್ನು ಒಳಗಡೆಗೆ ತಿರುಗಿಸಿಕೊಂಡಿವೆ. ಅಜಾನ್ ರೇಡಿಯೋದಲ್ಲಿ ಬರುತ್ತದೆ. ವಾರ್ನಾ 94.2 ಹಾಕಿದರೆ ದಿನಕ್ಕೆ 5 ಸಲ ಕೇಳಬಹುದು.

ನಮ್ಮೂರಲ್ಲಿ ಏನೇ ಬೇಕಾದರೂ ಜಮಾತಿನ ಹಿರಿಯರನ್ನೋ ಮೌಲ್ವಿ ಸಾಹೇಬರನ್ನೋ ಕೇಳುತ್ತೇವೆ. ಪರಿಚಯ ಇದ್ದರೆ ಕೆಲಸ ಬೇಗ ಆಗುತ್ತದೆ. ಇಲ್ಲಿ ಹಾಗಲ್ಲ. ನಮಾಜಿನ ವೇಳೆಯಿಂದ ಹಿಡಿದು ಜಕಾತ್ (ಉಳ್ಳವರು ವರ್ಷಕ್ಕೊಮ್ಮೆ ಕೊಡಬೇಕಾದ ದಾನ), ಹಲಾಲ್, ಮದ್ರಸಾ, ಹಜ್ ತನಕ ಪ್ರತಿಯೊಂದಕ್ಕೂ ಒಂದು ಕಚೇರಿ ಇದೆ, ಒಂದು ಕಾನೂನು ಇದೆ. ಯಾರ ಶಿಫಾರಸೂ ಬೇಕಿಲ್ಲ. ನಿನ್ನೆ ವಿಮಾನ ಇಳಿದವರೂ ಹೋಗಿ ಕೇಳಬಹುದು. ಆದರೆ ಯಾವ ಕೆಲಸ ಯಾರದು ಅಂತ ಗೊತ್ತಿಲ್ಲದೆ ನಮ್ಮವರು ತುಂಬಾ ಜನ ಸುಮ್ನೆ ಓಡಾಡುತ್ತಾರೆ. ನಾನೂ ಓಡಾಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಇಷ್ಟು ತಿಳಿದುಕೊಳ್ಳಿ

ಮುಯಿಸ್ ಅಂದರೆ 'ಮಜ್ಲಿಸ್ ಉಗಾಮ ಇಸ್ಲಾಂ ಸಿಂಗಪುರ'. ಮಲಯ್ ಭಾಷೆಯಲ್ಲಿ ಉಗಾಮ ಎಂದರೆ ಧರ್ಮ. ನಮ್ಮ 'ಆಗಮ'ದ ಬಂಧುವೇ ಆ ಪದ. ಇದು ಖಾಸಗಿ ಸಂಘ ಅಲ್ಲ, ಕಾನೂನಿನ ಮೂಲಕ ಹುಟ್ಟಿದ ಸರ್ಕಾರಿ ಮಂಡಳಿ. ಸಿಂಗಾಪುರದ ಸಂವಿಧಾನದ 153ನೇ ವಿಧಿ, ಮುಸ್ಲಿಮರ ಧಾರ್ಮಿಕ ವಿಷಯಗಳನ್ನು ಕಾನೂನಿನ ಮೂಲಕ ನಡೆಸಬೇಕು, ಅದಕ್ಕೆ ರಾಷ್ಟ್ರಪತಿಗೆ ಸಲಹೆ ಕೊಡುವ ಒಂದು ಮಂಡಳಿ ಇರಬೇಕು ಎನ್ನುತ್ತದೆ. 1966ರಲ್ಲಿ ಮುಸ್ಲಿಂ ಕಾನೂನು ಆಡಳಿತ ಕಾಯ್ದೆ ಬಂತು. ಅದನ್ನು ಎಲ್ಲರೂ ಚಿಕ್ಕದಾಗಿ 'ಅಮ್ಲಾ' ಅನ್ನುತ್ತಾರೆ. ಅದರ ಪ್ರಕಾರ 1968ರಲ್ಲಿ ಮುಯಿಸ್ ಶುರುವಾಯಿತು. ದೇಶದ ಜನರಲ್ಲಿ ಮುಸ್ಲಿಮರು ಸುಮಾರು ಶೇ. 15. ಹೆಚ್ಚಿನವರು ಮಲಯ್ ಜನ. ಅವರ ಜೊತೆ ತಮಿಳರು, ಮಲಯಾಳಿಗಳು, ಗುಜರಾತಿಗಳು, ಅರಬ್ ಮನೆತನಗಳು, ಈಗ ನಮ್ಮಂಥವರು.

ಇಲ್ಲಿ ಒಂದು ಗೊಂದಲ ಎಲ್ಲರಿಗೂ ಆಗುತ್ತದೆ. ಎಲ್ಲವೂ ಮುಯಿಸ್ ಕೈಯಲ್ಲಿಲ್ಲ. ನಿಕಾಹ್ ನೋಂದಣಿಗೆ ಮುಸ್ಲಿಂ ವಿವಾಹ ನೋಂದಣಿ ಕಚೇರಿ ಬೇರೆ ಇದೆ. ಅದಕ್ಕೆ 'ರೋಮ್' ಅನ್ನುತ್ತಾರೆ. ತಲಾಖ್ ಮತ್ತು ವಾರಸುದಾರಿಕೆಗೆ ಶರಿಯಾ ಕೋರ್ಟ್ ಇದೆ. ಅದು ಮುಯಿಸ್‌ಗಿಂತ ಹಳೆಯದು, 1958ರಿಂದ ಇದೆ. ಕಬರಸ್ತಾನ ಪರಿಸರ ಇಲಾಖೆಯದು. ಕೆಲಸದ ಪಾಸು, ಪರ್ಮಿಟ್ಟು ಮಾನವಶಕ್ತಿ ಸಚಿವಾಲಯದ್ದು. ಉಳಿದದ್ದು, ಅಂದರೆ ಮಸೀದಿ, ಜಕಾತ್, ವಕ್ಫ್, ಹಲಾಲ್, ಮದ್ರಸಾ, ಫತ್ವಾ, ಹಜ್ ನೋಂದಣಿ ಮುಯಿಸ್‌ನದು.

ಹೆಜ್ಜೆ 1: ವೇಳಾಪಟ್ಟಿ ಇಟ್ಟುಕೊಳ್ಳಿ

ಮುಯಿಸ್ ಇಡೀ ವರ್ಷದ ನಮಾಜ್ ವೇಳೆಯನ್ನು ಮೊದಲೇ ಪ್ರಕಟಿಸುತ್ತದೆ. 'ಮುಸ್ಲಿಂಎಸ್‌ಜಿ' ಅನ್ನುವ ಆ್ಯಪ್‌ನಲ್ಲಿ ಸಿಗುತ್ತದೆ. ಇಡೀ ದೇಶಕ್ಕೆ ಒಂದೇ ವೇಳೆ. ಊರಿನಿಂದ ತಂದ ಆ್ಯಪ್ ಬಿಟ್ಟು ಇದನ್ನೇ ಬಳಸಿ. ಬೇರೆ ಆ್ಯಪ್‌ಗಳ ಲೆಕ್ಕದಲ್ಲಿ ಕೆಲವು ನಿಮಿಷ ಹೆಚ್ಚುಕಮ್ಮಿ ಆಗುತ್ತದೆ. ರಂಜಾನಿನಲ್ಲಿ ಆ ಕೆಲವು ನಿಮಿಷವೂ ಮುಖ್ಯ, ಅಲ್ವಾ?

ಹಬ್ಬದ ದಿನದ ವಿಷಯ ಮನೆಯವರಿಗೆ ಮೊದಲೇ ಹೇಳಿಬಿಡಿ. ಭಟ್ಕಳದಲ್ಲೋ ಮಂಗಳೂರಲ್ಲೋ ಚಂದ್ರ ಕಂಡ ಸುದ್ದಿ ಬಂದು ಖಾಜಿಯವರು ಘೋಷಿಸಿದ ಮೇಲೆ ಹಬ್ಬ. ಇಲ್ಲಿ ಖಗೋಳ ಲೆಕ್ಕ ನೋಡಿ, ಆ ಸಂಜೆ ಚಂದ್ರ ಕಾಣುವಷ್ಟು ಎತ್ತರದಲ್ಲಿ ಇರುತ್ತಾನೋ ಇಲ್ಲವೋ ಅಂತ ತೀರ್ಮಾನಿಸುತ್ತಾರೆ. ಬ್ರೂನೈ, ಇಂಡೋನೇಷ್ಯಾ, ಮಲೇಷ್ಯಾ, ಸಿಂಗಾಪುರ ಈ ನಾಲ್ಕೂ ದೇಶ ಸೇರಿ ಮಾಡಿಕೊಂಡ ಅಳತೆ ಅದು. ಕೊನೆಗೆ ದೇಶದ ಮುಖ್ಯ ಧರ್ಮಗುರುವಾದ ಮುಫ್ತಿ ಘೋಷಿಸುತ್ತಾರೆ. ಹಾಗಾಗಿ ಇಲ್ಲಿ ಈದ್ ಆಗಿ ಮಾರನೇ ದಿನ ಊರಲ್ಲಿ ಈದ್ ಆಗುವುದು ಮಾಮೂಲು. ನೀವು ಇರುವ ಊರಿನ ಘೋಷಣೆಯನ್ನೇ ಪಾಲಿಸಿ.

ಇನ್ನೊಂದು ಮಾತು. ಸಿಂಗಾಪುರದ ಹೆಚ್ಚಿನ ಮುಸ್ಲಿಮರು ಶಾಫಿ ಮಜ್ಹಬಿನವರು. ಮಜ್ಹಬ್ ಅಂದರೆ ಧಾರ್ಮಿಕ ನಿಯಮಗಳನ್ನು ಅರ್ಥೈಸುವ ಒಂದು ಪಂಥ, ಹನಫಿ ಅನ್ನುವುದು ಇನ್ನೊಂದು. ಅಮ್ಲಾ ಕಾಯ್ದೆ ಕೂಡ ಫತ್ವಾ ಕೊಡುವಾಗ ಸಾಮಾನ್ಯವಾಗಿ ಶಾಫಿ ಮಾರ್ಗವನ್ನೇ ಹಿಡಿಯಬೇಕು ಎನ್ನುತ್ತದೆ. ಜನರ ಹಿತಕ್ಕೆ ಅದು ಒಗ್ಗದಿದ್ದರೆ ಬೇರೆ ಮಜ್ಹಬ್ ನೋಡಬಹುದು. ಭಟ್ಕಳದ ನವಾಯತರಿಗೂ ದಕ್ಷಿಣ ಕನ್ನಡದ ಬ್ಯಾರಿಗಳಿಗೂ ಇದರಿಂದ ಏನೂ ವ್ಯತ್ಯಾಸ ಇಲ್ಲ. ಅವರೂ ಶಾಫಿಗಳೇ. ಆದರೆ ಬೆಂಗಳೂರು, ಮೈಸೂರು, ತುಮಕೂರು, ಕಲಬುರಗಿ ಕಡೆಯ ನಾವು ಬಹುಪಾಲು ಹನಫಿಗಳು. ನಮ್ಮ ಲೆಕ್ಕದಲ್ಲಿ ಅಸರ್, ಅಂದರೆ ಇಳಿಹೊತ್ತಿನ ನಮಾಜಿನ ವೇಳೆ ಇಲ್ಲಿಯದಕ್ಕಿಂತ ಸುಮಾರು ಒಂದು ಗಂಟೆ ತಡ. ಅಬ್ಬಾ ಇಲ್ಲಿಗೆ ಬಂದಾಗ ಇದೇ ದೊಡ್ಡ ಪ್ರಶ್ನೆ ಆಯಿತು. ಅದನ್ನು ಹೇಗೆ ಬಗೆಹರಿಸಿಕೊಂಡೆವು ಅಂತ ಕೊನೆಗೆ ಹೇಳುತ್ತೇನೆ.

ಜುಮ್ಮಾ ಖುತ್ಬಾ, ಅಂದರೆ ಶುಕ್ರವಾರದ ನಮಾಜಿನ ಪ್ರವಚನದ ಪಠ್ಯವನ್ನು ಮುಫ್ತಿಯವರ ಕಚೇರಿಯೇ ಸಿದ್ಧ ಮಾಡಿ ಎಲ್ಲ ಮಸೀದಿಗಳಿಗೂ ಕಳಿಸುತ್ತದೆ. ಹೆಚ್ಚಿನ ಕಡೆ ಮಲಯ್‌ನಲ್ಲಿ, ಕೆಲವು ಕಡೆ ಇಂಗ್ಲಿಷಿನಲ್ಲಿ, ಭಾರತೀಯರ ಹಳೆಯ ಮಸೀದಿಗಳಲ್ಲಿ ತಮಿಳಿನಲ್ಲಿ. ನಿಮಗೆ ತಮಿಳು ಬರುತ್ತದೆ ಅಂದರೆ ಸೌತ್ ಬ್ರಿಡ್ಜ್ ರಸ್ತೆಯ ಜಾಮೆ ಚೂಲಿಯಾ ಮಸೀದಿಗೆ ಹೋಗಿ. 1826ರಲ್ಲಿ ತಮಿಳು ಮುಸ್ಲಿಂ ವ್ಯಾಪಾರಿಗಳು ಶುರು ಮಾಡಿದ್ದು. ಕೆಲವೇ ಹೆಜ್ಜೆಯಲ್ಲಿ ಶ್ರೀ ಮಾರಿಯಮ್ಮನ್ ದೇವಸ್ಥಾನ. ಮಸೀದಿ ಪಕ್ಕದ ಬೀದಿಯ ಹೆಸರು ಮಾಸ್ಕ್ ಸ್ಟ್ರೀಟ್, ದೇವಸ್ಥಾನದ ಪಕ್ಕದ್ದು ಟೆಂಪಲ್ ಸ್ಟ್ರೀಟ್. ಶುಕ್ರವಾರ ಮಧ್ಯಾಹ್ನ ಅಲ್ಲಿ ನಿಂತರೆ ಒಂದು ಕಡೆ ಟೋಪಿ ಹಾಕಿಕೊಂಡವರು ಚಪ್ಪಲಿ ಬಿಡುತ್ತಿರುತ್ತಾರೆ, ಇನ್ನೊಂದು ಕಡೆ ಹೂವು ಮುಡಿದವರು ಚಪ್ಪಲಿ ಬಿಡುತ್ತಿರುತ್ತಾರೆ. ನನಗೆ ಅಲ್ಲಿ ನಿಂತಾಗಲೆಲ್ಲ ನಮ್ಮೂರಿನ ಪೇಟೆ ಬೀದಿ ನೆನಪಾಗುತ್ತದೆ.

ಹೆಜ್ಜೆ 2: ಸಂಬಳದ ಚೀಟಿ ತೆಗೆದು ನೋಡಿ

ಮೊದಲ ತಿಂಗಳ ಸಂಬಳದಲ್ಲಿ 'ಎಂಬಿಎಂಎಫ್' ಅಂತ ಒಂದು ಕಡಿತ ಇರುತ್ತದೆ. ಗಾಬರಿ ಬೇಡ. ಅದು ಮಸೀದಿ ಕಟ್ಟುವ ಮತ್ತು ಮಕ್ಕಳ ಓದಿನ ನಿಧಿ. ಇಲ್ಲಿ ಕೆಲಸ ಮಾಡುವ ಎಲ್ಲ ಮುಸ್ಲಿಂ ನೌಕರರಿಗೂ ಇದು ಇದೆ, ವಿದೇಶಿಯರಿಗೂ.

ಇದರ ಹಿಂದಿನ ಕಥೆ ಚೆನ್ನಾಗಿದೆ. 1970ರ ದಶಕದಲ್ಲಿ ಹಳೆಯ ಹಳ್ಳಿಗಳನ್ನು ತೆಗೆದು ಜನರನ್ನು ಹೊಸ ಬಹುಮಹಡಿ ಬಡಾವಣೆಗಳಿಗೆ ಕಳಿಸಿದರು. ಹಳ್ಳಿಯ ಜೊತೆ ಹಳ್ಳಿಯ ಸಣ್ಣ ಮಸೀದಿಗಳೂ ಹೋದವು. ಹೊಸ ಬಡಾವಣೆಯಲ್ಲಿ ನಮಾಜಿಗೆ ಜಾಗ ಇಲ್ಲ. ಆಗ 1975ರಲ್ಲಿ ಮಸೀದಿ ನಿರ್ಮಾಣ ನಿಧಿ ಶುರುವಾಯಿತು. ತಿಂಗಳಿಗೆ ತಲಾ 50 ಸೆಂಟ್. ನಮ್ಮ ಪಿಎಫ್ ತರಹದ ಸಿಪಿಎಫ್ ವ್ಯವಸ್ಥೆಯ ಮೂಲಕವೇ ಸಂಬಳದಿಂದ ಮುರಿದುಕೊಂಡರು. ಆ 50 ಸೆಂಟ್‌ಗಳು ಸೇರಿ 1977ರಲ್ಲಿ ತೋಅ ಪಾಯೋ ಬಡಾವಣೆಯಲ್ಲಿ ಮುಹಾಜಿರೀನ್ ಮಸೀದಿ ಎದ್ದಿತು. ಚಂದಾ ಡಬ್ಬಿ ಹಿಡಿದು ಯಾರೂ ಬೀದಿ ಸುತ್ತಲಿಲ್ಲ. ಈಗ ದೇಶದಲ್ಲಿ ಸುಮಾರು 70 ಮಸೀದಿ ಇವೆ. 1984ರಿಂದ ಇದೇ ಹಣದ ಒಂದು ಪಾಲು ಮೆಂಡಾಕಿ ಅನ್ನುವ ಸಂಸ್ಥೆಗೆ ಹೋಗುತ್ತದೆ. ಅವರು ಬಡ ಮಕ್ಕಳಿಗೆ ಪಾಠ ಹೇಳಿಸುತ್ತಾರೆ.

2016ರಲ್ಲಿ ಪರಿಷ್ಕರಿಸಿದ ಪಟ್ಟಿಯಲ್ಲಿ 1,000 ಡಾಲರ್ ತನಕ ಸಂಬಳ ಇರುವವರಿಗೆ ತಿಂಗಳಿಗೆ 3 ಡಾಲರ್. 10,000 ದಾಟಿದವರಿಗೆ 26 ಡಾಲರ್. ನಡುವೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಕೊಡಲು ಆಗಲ್ಲ ಅನ್ನುವವರು ಅಥವಾ ಮೊತ್ತ ಬದಲಿಸಬೇಕು ಅನ್ನುವವರು ಅದಕ್ಕೆಂದೇ ಇರುವ ಅರ್ಜಿ ತುಂಬಿ ಕೊಡಬಹುದು. ಕಡಿತ ಕಾಣದಿದ್ದರೆ ಎಚ್‌ಆರ್ ಅವರನ್ನು ಕೇಳಿ. ನಿಮ್ಮ ಧರ್ಮ ಅವರ ದಾಖಲೆಯಲ್ಲಿ ಬರೆದಿರುವುದಿಲ್ಲ, ಅಷ್ಟೇ.

ಇದು ಜಕಾತ್ ಅಲ್ಲ ಅನ್ನುವುದು ನೆನಪಿರಲಿ. ಎರಡನ್ನೂ ಒಂದೇ ಅಂದುಕೊಂಡವರನ್ನು ನೋಡಿದ್ದೇನೆ.

ಹೆಜ್ಜೆ 3: ಜಕಾತ್

ಇಲ್ಲಿ ಜಕಾತ್ ಸಂಗ್ರಹಿಸುವ ಅಧಿಕಾರ ಮುಯಿಸ್‌ಗೆ ಇದೆ. ಅದರ ಪರವಾಗಿ ಮಸೀದಿಗಳಲ್ಲಿ ನೇಮಕ ಆದ ಆಮಿಲರು ತೆಗೆದುಕೊಳ್ಳುತ್ತಾರೆ, ರಸೀದಿ ಕೊಡುತ್ತಾರೆ. ಆನ್‌ಲೈನ್‌ನಲ್ಲೂ ಕೊಡಬಹುದು. ಅನುಮತಿ ಇಲ್ಲದೆ ಬೇರೆ ಯಾರೂ 'ಜಕಾತ್ ಕೊಡಿ, ನಾನು ತಲುಪಿಸುತ್ತೇನೆ' ಅಂತ ವಸೂಲಿ ಮಾಡುವ ಹಾಗಿಲ್ಲ. ರಂಜಾನಿನ ಇಫ್ತಾರ್ ಕೂಟದಲ್ಲಿ ಊರಿನ ಅಭ್ಯಾಸದಂತೆ ಒಂದು ಟವಲ್ ಹಾಸಿ ಜಕಾತ್ ಕೂಡಿಸುವುದು ಇಲ್ಲಿ ತಪ್ಪಾಗುತ್ತದೆ.

ಲೆಕ್ಕ ಹೀಗೆ: ನಿಸಾಬ್, ಅಂದರೆ ಜಕಾತ್ ಕಡ್ಡಾಯವಾಗುವ ಕನಿಷ್ಠ ಮೊತ್ತ, 86 ಗ್ರಾಂ ಚಿನ್ನದ ಬೆಲೆ. ಬ್ಯಾಂಕ್ ಖಾತೆಗೆ ಇಲ್ಲಿ ಅನುಸರಿಸುವ ವಿಧಾನ ಸುಲಭ. ಇಡೀ ವರ್ಷದಲ್ಲಿ ಖಾತೆಯಲ್ಲಿದ್ದ ಅತಿ ಕಡಿಮೆ ಮೊತ್ತ ಎಷ್ಟು ನೋಡಿ. ಅದು ನಿಸಾಬ್ ದಾಟಿದ್ದರೆ ಅದರ ಶೇ. 2.5 ಕೊಡಿ. ಧರಿಸುವ ಒಡವೆಗೆ ಬೇರೆ ಲೆಕ್ಕ ಇದೆ, ಹನಫಿಗಳ ಲೆಕ್ಕಕ್ಕೂ ಇದಕ್ಕೂ ವ್ಯತ್ಯಾಸ ಇದೆ. ಮನೆಯಲ್ಲಿ ಚಿನ್ನ ಇದ್ದವರು ಮಸೀದಿಯ ಕಚೇರಿಯಲ್ಲಿ ಕೂತು ಕೇಳಿ. ರಂಜಾನಿನಲ್ಲಿ ತಲೆಗೆ ಇಷ್ಟು ಅಂತ ಕೊಡುವ ಫಿತ್ರಾ ಸುಮಾರು 2.3 ಕಿಲೋ ಅಕ್ಕಿಯ ಬೆಲೆ. ಪ್ರತಿ ವರ್ಷ ಮುಫ್ತಿಯವರ ಕಚೇರಿ ಅದರ ದರ ಹೇಳುತ್ತದೆ.

ಜಕಾತ್ ಪಡೆಯುವುದೂ ಇದೇ ದಾರಿಯಲ್ಲಿ. ಕಷ್ಟದಲ್ಲಿರುವವರು ಮನೆ ಹತ್ತಿರದ ಮಸೀದಿಗೆ ಹೋಗಿ ಅರ್ಜಿ ಕೊಡಬಹುದು. ಮಸೀದಿಯವರು ಕೂರಿಸಿ ಮಾತಾಡಿಸುತ್ತಾರೆ, ಆದಾಯ ಖರ್ಚು ನೋಡುತ್ತಾರೆ. ಹೋಗಲು ನಾಚಿಕೆ ಪಡಬೇಡಿ. ಹಾಗೆ ಬಂದವರಿಗೆ ಅಂತಲೇ ಇಟ್ಟ ಹಣ ಅದು.

ಹೆಜ್ಜೆ 4: ಮಕ್ಕಳಿಗೆ ಕುರಾನ್ ಕಲಿಸುವವರು

ಇಲ್ಲಿ ನಾನು ಎಡವಿದ್ದೇನೆ. ಮಗನಿಗೆ ಕುರಾನ್ ಓದಿಸಲು ಪರಿಚಯದವರ ಪರಿಚಯದ ಒಬ್ಬರನ್ನು ಮನೆಗೆ ಕರೆದೆವು. ಒಳ್ಳೆಯವರೇ, ಚೆನ್ನಾಗಿಯೇ ಓದಿಸುತ್ತಿದ್ದರು. ಕೆಲವು ತಿಂಗಳಾದ ಮೇಲೆ ಅವರ ಹೆಸರು ಪಟ್ಟಿಯಲ್ಲಿ ಇಲ್ಲ ಅಂತ ಗೊತ್ತಾಯಿತು. ಪಾಠ ಅರ್ಧಕ್ಕೆ ನಿಂತಿತು. ಮಗ ಆಗ ತಾನೇ ಕುರಾನಿನ 'ಯಾಸೀನ್' ಅಧ್ಯಾಯ ಶುರು ಮಾಡಿದ್ದ.

ಇಲ್ಲಿನ ನಿಯಮ ಇದು: ಧಾರ್ಮಿಕ ಪಾಠ ಹೇಳುವ ಪ್ರತಿಯೊಬ್ಬರೂ ಉಸ್ತಾದರ ಮಾನ್ಯತಾ ಯೋಜನೆಯಲ್ಲಿ ಹೆಸರು ಬರೆಸಿರಬೇಕು. 2005ರಲ್ಲಿ ಶುರುವಾದಾಗ ಅದು ಅವರವರ ಇಷ್ಟಕ್ಕೆ ಬಿಟ್ಟಿದ್ದು. 2017ರ ಜನವರಿ 1ರಿಂದ ಕಡ್ಡಾಯ. ಮನೆಯಲ್ಲಿ ನಾಲ್ಕು ಮಕ್ಕಳನ್ನು ಕೂರಿಸಿ ಓದಿಸುವವರಿಗೂ ಇದು ಅನ್ವಯ. ನಮ್ಮ ಕರಾವಳಿಯಲ್ಲೂ ಮದ್ರಸಾ ಗುರುಗಳನ್ನು ಉಸ್ತಾದ್ ಎಂದೇ ಕರೆಯುತ್ತಾರಲ್ಲ, ಇಲ್ಲೂ ಹಾಗೇ. ಹೆಂಗಸರಾದರೆ ಉಸ್ತಾಜಾ. ಮಾನ್ಯತೆ ಪಡೆದವರ ಪಟ್ಟಿ ಆನ್‌ಲೈನ್‌ನಲ್ಲಿ ಇದೆ. ಫೀಸು ಮಾತಾಡುವ ಮೊದಲು ಹೆಸರು ಹುಡುಕಿ ನೋಡಿ.

ಸುಲಭದ ದಾರಿ ಬೇಕಾದರೆ ಮಸೀದಿಗಳಲ್ಲಿ ವಾರಾಂತ್ಯದ ತರಗತಿ ಇವೆ. 'ಅಲೈವ್' ಅಂತ ಹೆಸರು. ಪಾಠ ಇಂಗ್ಲಿಷಿನಲ್ಲೂ ಸಿಗುತ್ತದೆ. ಮಲಯ್ ಬರದ ನಮ್ಮ ಮಕ್ಕಳಿಗೆ ಅದು ಅನುಕೂಲ. ಪೂರ್ಣಾವಧಿ ಮದ್ರಸಾಗಳು ದೇಶಕ್ಕೆಲ್ಲ ಆರೇ ಆರು. ಅತಿ ಹಳೆಯದು 1912ರ ಅಲ್‌ಸಗಾಫ್ ಮದ್ರಸಾ. ಅಲ್ಲಿನ ಮಕ್ಕಳೂ 6ನೇ ತರಗತಿಯ ಕೊನೆಗೆ ದೇಶದ ಎಲ್ಲ ಮಕ್ಕಳು ಬರೆಯುವ ಪಿಎಸ್‌ಎಲ್‌ಇ ಪರೀಕ್ಷೆಯನ್ನೇ ಬರೆಯುತ್ತಾರೆ. ಗಣಿತ, ವಿಜ್ಞಾನ ಬಿಟ್ಟು ಬರೀ ದೀನಿ ಪಾಠ ಅನ್ನುವುದು ಇಲ್ಲಿ ಇಲ್ಲ. ನನಗೆ ಇದು ತುಂಬಾ ಹಿಡಿಸಿದ ವಿಷಯ.

ಹೆಜ್ಜೆ 5: ಹಲಾಲ್, ತಿನ್ನುವವರಿಗೂ ಮಾರುವವರಿಗೂ

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮುಸ್ಲಿಮರಲ್ಲದ ಕನ್ನಡಿಗರಿಗೂ ಇದು ಬೇಕಾಗುತ್ತದೆ. ಇಲ್ಲಿ ಇಡ್ಲಿ ದೋಸೆ ಅಂಗಡಿ ಇಡುವವರಿಗೂ, ಸಂಘದ ಕಾರ್ಯಕ್ರಮಕ್ಕೆ ಊಟ ತರಿಸುವವರಿಗೂ ಪ್ರಶ್ನೆ ಬರುತ್ತದೆ.

ಮೊದಲು ತಿನ್ನುವವರಿಗೆ. ಮುಯಿಸ್ 1978ರಿಂದ ಹಲಾಲ್ ಪ್ರಮಾಣಪತ್ರ ಕೊಡುತ್ತಿದೆ. ಅಂಗಡಿಯ ಗೋಡೆಯ ಮೇಲೆ ಅದು ಇರುತ್ತದೆ. ಹಸಿರು ಗುರುತನ್ನು ಮಾತ್ರ ನೋಡಬೇಡಿ, ಮೂರು ವಿಷಯ ಓದಿ: ಅಂಗಡಿಯ ಹೆಸರು, ವಿಳಾಸ, ಅವಧಿ ಮುಗಿಯುವ ದಿನ. ಪ್ರಮಾಣಪತ್ರ ಕೊಡುವುದು ಆ ಜಾಗಕ್ಕೆ. ಅದೇ ಹೆಸರಿನ ಇನ್ನೊಂದು ಶಾಖೆಗೆ ಅದು ಸಲ್ಲುವುದಿಲ್ಲ. ಅನುಮಾನ ಬಂದರೆ ಮುಯಿಸ್‌ನ ಹಲಾಲ್ ಜಾಲತಾಣದಲ್ಲಿ ಅಂಗಡಿಯ ಹೆಸರು ಹಾಕಿ ನೋಡಿ.

'ಹಂದಿ ಮಾಂಸ ಇಲ್ಲ, ಹಂದಿ ಕೊಬ್ಬು ಇಲ್ಲ' ಅಂತ ಬರೆದ ಫಲಕ ತುಂಬಾ ಕಡೆ ಕಾಣುತ್ತದೆ. ಅದು ಹಲಾಲ್ ಅಲ್ಲ. ಕೋಳಿ ಎಲ್ಲಿಂದ ಬಂತು, ಸಾಸ್‌ಗೆ ವೈನ್ ಹಾಕಿದ್ದಾರಾ ಅನ್ನುವುದು ಆ ಫಲಕದಿಂದ ಗೊತ್ತಾಗಲ್ಲ. ಇನ್ನು ಪ್ರಮಾಣಪತ್ರ ಇಲ್ಲದ, ಆದರೆ ಮುಸ್ಲಿಮರೇ ನಡೆಸುವ ಅಂಗಡಿಗಳೂ ಇವೆ. ಪ್ರಮಾಣಪತ್ರ ಕಡ್ಡಾಯ ಏನಲ್ಲ. ಅಲ್ಲಿ ತಿನ್ನುವುದು ನಿಮ್ಮ ನಂಬಿಕೆಗೆ ಬಿಟ್ಟದ್ದು. ಸಸ್ಯಾಹಾರಿ ಸ್ನೇಹಿತರಿಗೂ ಒಂದು ಮಾತು: ಹಲಾಲ್ ಅಂದರೆ ಸಸ್ಯಾಹಾರ ಅಲ್ಲ, ಸಸ್ಯಾಹಾರ ಅಂದ ಮಾತ್ರಕ್ಕೆ ಹಲಾಲ್ ಪ್ರಮಾಣಪತ್ರ ಇದೆ ಅಂತಲೂ ಅಲ್ಲ.

ಹಾಕರ್ ಸೆಂಟರ್, ಅಂದರೆ ಸಾಲು ಊಟದ ಅಂಗಡಿಗಳಿರುವ ಕಡೆ, ಊಟ ಮುಗಿದ ಮೇಲೆ ಟ್ರೇ ವಾಪಸ್ ಇಡುವ ಕಪಾಟುಗಳನ್ನು ಗಮನಿಸಿ. ಎರಡು ಇರುತ್ತವೆ. ಒಂದು ಹಲಾಲ್ ತಟ್ಟೆಗಳಿಗೆ, ಇನ್ನೊಂದು ಉಳಿದವಕ್ಕೆ. ಮೇಜು ಒಂದೇ. ಪಕ್ಕದಲ್ಲಿ ಚೀನೀ ಅಜ್ಜ ಹಂದಿ ಮಾಂಸದ ನೂಡಲ್ಸ್ ತಿನ್ನುತ್ತಿರುತ್ತಾರೆ, ನಾವು ಬಿರಿಯಾನಿ ತಿನ್ನುತ್ತಿರುತ್ತೇವೆ. ಎದ್ದ ಮೇಲೆ ಅವರು ಅವರ ಕಪಾಟಿಗೆ ಹೋಗುತ್ತಾರೆ, ನಾವು ನಮ್ಮದಕ್ಕೆ. ಗಡಿಬಿಡಿಯಲ್ಲಿ ತಪ್ಪು ಕಪಾಟಿನಲ್ಲಿ ಇಡಬೇಡಿ. ತೊಳೆಯುವವರಿಗೆ ಅದರಿಂದ ತೊಂದರೆ ಆಗುತ್ತದೆ.

ಈಗ ಅಂಗಡಿ ಇಡುವವರಿಗೆ.

ಒಂದು, ಮನೆಯ ಅಡುಗೆಮನೆಯಿಂದ ನಡೆಸುವ ವ್ಯಾಪಾರಕ್ಕೆ ಮುಯಿಸ್ ಪ್ರಮಾಣಪತ್ರ ಕೊಡುವುದಿಲ್ಲ. ಮನೆಯಲ್ಲೇ ಚಿರೋಟಿ, ಹೋಳಿಗೆ ಮಾಡಿ ಮಾರುವವರು ಅರ್ಜಿ ಹಾಕಲು ಹೋಗಿ ಸಮಯ ಕಳೆಯಬೇಡಿ.

ಎರಡು, ಯಾವ ಯೋಜನೆ ಅಂತ ಮೊದಲು ನಿರ್ಧರಿಸಿ. ಹೋಟೆಲ್ಲಿಗೆ ಒಂದು, ದೊಡ್ಡ ಅಡುಗೆಮನೆ ಮತ್ತು ಕೇಟರಿಂಗ್‌ಗೆ ಒಂದು, ಪ್ಯಾಕೆಟ್ ಪದಾರ್ಥಕ್ಕೆ ಒಂದು, ಗೋದಾಮಿಗೆ ಒಂದು, ಹೀಗೆ ಬೇರೆ ಬೇರೆ ಇವೆ. ತಪ್ಪು ಯೋಜನೆಯಲ್ಲಿ ಅರ್ಜಿ ಹಾಕಿದರೆ ಮತ್ತೆ ಮೊದಲಿಂದ ಶುರು ಮಾಡಬೇಕು.

ಮೂರು, ಪದಾರ್ಥಗಳ ಪಟ್ಟಿ. ನಿಜವಾದ ಕೆಲಸ ಇದೇ. ಅಡುಗೆಮನೆಗೆ ಬರುವ ಒಂದೊಂದು ಡಬ್ಬಿ, ಒಂದೊಂದು ಪೊಟ್ಟಣವನ್ನೂ ಬರೆಯಬೇಕು. ಅಕ್ಕಿ, ಉದ್ದಿನಬೇಳೆ, ತರಕಾರಿ ಸಲೀಸು. ತೊಂದರೆ ಕೊಡುವುದು ಸಣ್ಣ ವಸ್ತುಗಳು. ಐಸ್‌ಕ್ರೀಮಿನ ವೆನಿಲಾ ಎಸೆನ್ಸಿನಲ್ಲಿ ಮದ್ಯಸಾರ ಇರಬಹುದು. ಜೆಲ್ಲಿಯಲ್ಲಿ ಜೆಲಟಿನ್. ಚೀಸ್‌ನಲ್ಲಿ ಪ್ರಾಣಿಯಿಂದ ತೆಗೆದ ಕಿಣ್ವ. ಬ್ರೆಡ್ಡಿನಲ್ಲಿ ಎಮಲ್ಸಿಫೈಯರ್. ಪ್ರತಿಯೊಂದಕ್ಕೂ ಮಾರಾಟಗಾರರಿಂದ ಕಾಗದ ತರಿಸಿ. ಕೋಳಿ ಮತ್ತು ಕುರಿ ಮಾಂಸಕ್ಕೆ ಮುಯಿಸ್ ಒಪ್ಪಿದ ಹಲಾಲ್ ಸಂಸ್ಥೆಯ ದಾಖಲೆ ಬೇಕು. ಬಿಲ್ಲುಗಳನ್ನು ಜೋಪಾನವಾಗಿ ಇಡಿ, ತಪಾಸಣೆಗೆ ಬಂದವರು ಕೇಳುತ್ತಾರೆ.

ನಾಲ್ಕು, ಹಲಾಲ್ ತಂಡ. ಅದರಲ್ಲಿ ಮುಸ್ಲಿಂ ಸಿಬ್ಬಂದಿ ಇರಬೇಕು, ತರಬೇತಿ ಪಡೆದಿರಬೇಕು. ಮಾಲೀಕರು ಮುಸ್ಲಿಮರೇ ಆಗಬೇಕಿಲ್ಲ. ಇಲ್ಲಿ ಪ್ರಮಾಣಪತ್ರ ಪಡೆದ ಅಂಗಡಿಗಳಲ್ಲಿ ಮುಸ್ಲಿಮರಲ್ಲದ ಮಾಲೀಕರು ತುಂಬಾ ಜನ ಇದ್ದಾರೆ.

ಐದು, ಜಾಗದ ಇತಿಹಾಸ. ಮೊದಲು ಅಲ್ಲಿ ಹಂದಿ ಮಾಂಸ ಬೇಯಿಸುತ್ತಿದ್ದರು ಅಂದರೆ ಪಾತ್ರೆ, ನೆಲವನ್ನು ಮಣ್ಣು ಬೆರೆಸಿದ ನೀರಿನಿಂದ ಒಮ್ಮೆ, ಬರೀ ನೀರಿನಿಂದ ಆರು ಸಲ ಶುದ್ಧ ಮಾಡುವ ಕ್ರಮ ಇದೆ. ಅದಕ್ಕೆ 'ಸರ್ತು' ಅನ್ನುತ್ತಾರೆ. ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲೇ ಹಿಂದಿನವರು ಏನು ಮಾರುತ್ತಿದ್ದರು ಅಂತ ವಿಚಾರಿಸಿ.

ಆಮೇಲೆ ಆನ್‌ಲೈನ್‌ನಲ್ಲಿ ಅರ್ಜಿ, ಶುಲ್ಕ, ಅವರ ಕಡೆಯಿಂದ ತಪಾಸಣೆ, ತಿದ್ದುಪಡಿ ಇದ್ದರೆ ತಿದ್ದುವುದು, ಕೊನೆಗೆ ಪ್ರಮಾಣಪತ್ರ. ಸಿಕ್ಕ ಮೇಲೂ ಹೇಳದೆ ಕೇಳದೆ ಬರುತ್ತಾರೆ. ಕೆಲಸದವರು ಮನೆಯಿಂದ ತಂದ ಡಬ್ಬಿಯನ್ನು ಅಡುಗೆಮನೆಯಲ್ಲಿ ತೆರೆಯುವ ಹಾಗಿಲ್ಲ. ಹೊಸ ಸಾಸ್ ಒಂದನ್ನು ಬದಲಿಸಿದರೂ ಮೊದಲು ತಿಳಿಸಬೇಕು. ಪ್ರಮಾಣಪತ್ರ ಇಲ್ಲದೆ ಮುಯಿಸ್ ಗುರುತನ್ನು ಹಾಕಿಕೊಂಡರೆ 10,000 ಡಾಲರ್ ತನಕ ದಂಡ ಅಥವಾ 12 ತಿಂಗಳ ತನಕ ಜೈಲು, ಎರಡೂ ಆಗಬಹುದು.

ಹೆಜ್ಜೆ 6: ನಿಕಾಹ್, ತಲಾಖ್, ಆಸ್ತಿ

ಗಂಡು ಹೆಣ್ಣು ಇಬ್ಬರೂ ಮುಸ್ಲಿಮರಾದರೆ ರೋಮ್‌ನಲ್ಲಿ ನೋಂದಣಿ. ಒಬ್ಬರು ಬೇರೆ ಧರ್ಮದವರಾದರೆ ಸಿವಿಲ್ ವಿವಾಹದ ಕಚೇರಿ. ಅರ್ಜಿ ಆನ್‌ಲೈನ್‌ನಲ್ಲೇ. ನಿಕಾಹ್ ಮನೆಯಲ್ಲೂ ಮಾಡಬಹುದು, ಮಸೀದಿಯಲ್ಲೂ ಮಾಡಬಹುದು. ಆದರೆ ನೇಮಕ ಆದ ಖಾಜಿ ಅಥವಾ ನಾಯಿಬ್ ಖಾಜಿ ಇರಬೇಕು. ಊರಿನಿಂದ ಬಂದ ಚಿಕ್ಕಪ್ಪ ಎಷ್ಟೇ ದೊಡ್ಡ ಆಲಿಮ್ ಆಗಿರಲಿ, ಅವರೇ ಓದಿಸಿಬಿಟ್ಟರೆ ಆಗಲ್ಲ. ಎರಡನೇ ಮದುವೆಗೆ ಖಾಜಿಯವರ ಒಪ್ಪಿಗೆ ಬೇಕು, ಅವರು ಮೊದಲ ಹೆಂಡತಿಯನ್ನೂ ಕರೆದು ವಿಚಾರಿಸುತ್ತಾರೆ.

ತಲಾಖ್ ಬಾಯಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ. ಕೋರ್ಟಿನ ಹೊರಗೆ ಹೇಳಿದ್ದರೆ 7 ದಿನದೊಳಗೆ ಶರಿಯಾ ಕೋರ್ಟಿಗೆ ತಿಳಿಸಬೇಕು. ಕೋರ್ಟಿಗೆ ಹೋಗುವ ಮುಂಚೆ ಗಂಡ ಹೆಂಡತಿ ಸಮಾಲೋಚನೆಗೆ ಕೂರಬೇಕು. ಹೆಂಗಸರೂ ಅರ್ಜಿ ಹಾಕಬಹುದು. ಊರಿನಲ್ಲಿ ಎಷ್ಟೋ ಹೆಣ್ಣುಮಕ್ಕಳು ಯಾರ ಬಳಿ ಹೋಗಬೇಕು ಅಂತ ತಿಳಿಯದೆ ವರ್ಷಗಟ್ಟಲೆ ತವರಲ್ಲಿ ಕೂತಿರುವುದನ್ನು ನೋಡಿದ್ದೇನೆ. ಇಲ್ಲಿ ಹೋಗಲು ಒಂದು ವಿಳಾಸ ಇದೆ.

ಇಲ್ಲೇ ನೆಲೆ ನಿಂತು ಪಿಆರ್ (ಕಾಯಂ ನಿವಾಸಿ) ಆದವರು, ಪೌರರಾದವರು ಎರಡು ವಿಷಯ ಈಗಲೇ ನೋಡಿಕೊಳ್ಳಿ. ಮೊದಲನೆಯದು ಆಸ್ತಿ. ಸಿಂಗಾಪುರವನ್ನೇ ಕಾಯಂ ಮನೆ ಮಾಡಿಕೊಂಡ ಮುಸ್ಲಿಮರ ಆಸ್ತಿ ಫರಾಯಿಜ್, ಅಂದರೆ ಇಸ್ಲಾಮಿನ ವಾರಸು ನಿಯಮದ ಲೆಕ್ಕದಲ್ಲಿ ಹಂಚಿಕೆ ಆಗುತ್ತದೆ. ಯಾರಿಗೆ ಎಷ್ಟು ಪಾಲು ಅಂತ ಶರಿಯಾ ಕೋರ್ಟ್ ವಾರಸಾ ಪತ್ರ ಕೊಡುತ್ತದೆ. ಎರಡನೆಯದು ಅಂಗದಾನ. ಇಲ್ಲಿ 21 ದಾಟಿದ ಪೌರರು ಮತ್ತು ಪಿಆರ್‌ಗಳು ಬೇಡ ಅಂತ ಬರೆದು ಕೊಡದಿದ್ದರೆ ಸತ್ತ ಮೇಲೆ ಮೂತ್ರಪಿಂಡ, ಹೃದಯ, ಯಕೃತ್ತು, ಕಣ್ಣಿನ ಪಾರದರ್ಶಕ ಪೊರೆ ತೆಗೆದು ಬೇರೆಯವರಿಗೆ ಕೊಡಬಹುದು. ಮೊದಲು ಮುಸ್ಲಿಮರನ್ನು ಇದರಿಂದ ಹೊರಗೆ ಇಟ್ಟಿದ್ದರು. 2007ರಲ್ಲಿ ಮುಯಿಸ್‌ನ ಫತ್ವಾ ಸಮಿತಿ ಇದಕ್ಕೆ ಅಡ್ಡಿ ಇಲ್ಲ ಅಂದಿತು. 2008ರ ಆಗಸ್ಟ್ 1ರಿಂದ ಮುಸ್ಲಿಮರೂ ಸೇರಿದರು. ಬೇಡ ಅನ್ನುವವರು ಅರ್ಜಿ ಕೊಟ್ಟು ಹೊರಬರಬಹುದು. ಆದರೆ ನಾಳೆ ಅವರಿಗೇ ಅಂಗ ಬೇಕಾದರೆ ಸರದಿಯಲ್ಲಿ ಹಿಂದೆ ನಿಲ್ಲಬೇಕಾಗುತ್ತದೆ. ಮನೆಯವರ ಜೊತೆ ಕೂತು ಈ ಮಾತು ಆಡಿಬಿಡಿ. ಆಸ್ಪತ್ರೆಯ ವರಾಂಡದಲ್ಲಿ ನಿಂತು ಆಡುವ ಮಾತಲ್ಲ ಇದು.

ಹೆಜ್ಜೆ 7: ಹಜ್, ಕುರ್ಬಾನಿ, ಊರಿನಿಂದ ಬರುವ ಅತಿಥಿಗಳು

ಮುಯಿಸ್ ಮೂಲಕ ಹಜ್‌ಗೆ ಹೆಸರು ಬರೆಸಲು ಪೌರರಾಗಿರಬೇಕು ಅಥವಾ ಪಿಆರ್ ಆಗಿರಬೇಕು. ಸೌದಿ ಅರೇಬಿಯಾ ಈಚಿನ ವರ್ಷಗಳಲ್ಲಿ ಸಿಂಗಾಪುರಕ್ಕೆ ಕೊಡುತ್ತಿರುವುದು 900 ಜನರ ಕೋಟಾ. ಸರದಿ ಉದ್ದ ಇದೆ. ಉದ್ಯೋಗದ ಪಾಸಿನ ಮೇಲೆ ಇರುವ ನಾವು ಭಾರತದ ಕಡೆಯಿಂದ, ಹಜ್ ಸಮಿತಿ ಮೂಲಕವೋ ಅನುಮತಿ ಪಡೆದ ಖಾಸಗಿ ಸಂಸ್ಥೆ ಮೂಲಕವೋ ಹೋಗಬೇಕು. ನಮಗೆ ಹಜ್ ಸಮಿತಿ ಅಂದರೆ ಬೆಂಗಳೂರಿನ ತಿರುಮೇನಹಳ್ಳಿಯ ಹಜ್ ಭವನ.

ಬಕ್ರೀದ್‌ಗೆ ಮನೆ ಮುಂದೆ ಕುರಿ ಕಟ್ಟುವಂತಿಲ್ಲ. ಫ್ಲಾಟಿನ ಕೆಳಗೂ ಕಡಿಯುವಂತಿಲ್ಲ. ಮಸೀದಿಗಳ ಮೂಲಕ ಮೊದಲೇ ಕಾಯ್ದಿರಿಸಬೇಕು. ಹಬ್ಬದ ವಾರ ಎಚ್ಚೆತ್ತರೆ ಜಾಗ ಸಿಗುವುದಿಲ್ಲ.

ಇನ್ನು ಅತಿಥಿಗಳ ವಿಷಯ. ಊರಿನ ಮೌಲಾನಾ ಒಬ್ಬರು ಪ್ರವಾಸಕ್ಕೆ ಬಂದಿದ್ದಾರೆ, ನಾಲ್ಕು ಮನೆಯವರು ಸೇರಿ ಅವರಿಂದ ಬಯಾನ್ ಮಾಡಿಸೋಣ ಅನ್ನಿಸುತ್ತದೆ. ಪ್ರವಾಸಿ ವೀಸಾದಲ್ಲಿ ಬಂದವರು ಧಾರ್ಮಿಕ ಭಾಷಣ ಮಾಡುವ ಹಾಗಿಲ್ಲ. ಅದಕ್ಕೆ ಮಾನವಶಕ್ತಿ ಸಚಿವಾಲಯದಿಂದ ಪ್ರತ್ಯೇಕ ಪಾಸ್ ಬೇಕು. ಯಾವ ಧರ್ಮದವರಿಗೂ ಇದೇ ನಿಯಮ, ನಮ್ಮ ಹಿಂದೂ ಸ್ನೇಹಿತರು ಪ್ರವಚನಕ್ಕೆ ಸ್ವಾಮಿಗಳನ್ನು ಕರೆಸುವಾಗಲೂ ಅಷ್ಟೇ. ಹಾಗೆಯೇ ಊರಿನ ಮಸೀದಿಗೋ ಮದ್ರಸಾಕ್ಕೋ ಇಲ್ಲಿ ಜನರಿಂದ ಹಣ ಎತ್ತಬೇಕು ಅಂದರೆ ವಿದೇಶಿ ದಾನಕ್ಕೆ ಪರವಾನಗಿ ಬೇಕು. ನಿಮ್ಮ ಸ್ವಂತ ದುಡ್ಡನ್ನು ನೀವು ಊರಿಗೆ ಕಳಿಸುವುದಕ್ಕೆ ಏನೂ ಅಡ್ಡಿ ಇಲ್ಲ.

ಸಾವಿನ ಮನೆಯ ಬಗ್ಗೆಯೂ ಹೇಳಿಬಿಡುತ್ತೇನೆ. ಮುಸ್ಲಿಂ ಕಬರಸ್ತಾನ ಇರುವುದು ಚೋಅ ಚು ಕಾಂಗ್‌ನಲ್ಲಿ. ಜಾಗ ಕಡಿಮೆ. 15 ವರ್ಷ ಆದ ಮೇಲೆ ಕಬರ್ ತೆಗೆದು, ಉಳಿದದ್ದನ್ನು ಇನ್ನೊಂದು ಸಣ್ಣ ಜಾಗದಲ್ಲಿ ಮತ್ತೆ ದಫನ್ ಮಾಡುತ್ತಾರೆ. ನಮ್ಮ ಹಿರಿಯರಿಗೆ ಇದನ್ನು ಕೇಳಿದರೆ ನೋವಾಗುತ್ತದೆ, ಮೊದಲೇ ಗೊತ್ತಿದ್ದರೆ ಒಳ್ಳೆಯದು.

ಪ್ರಶ್ನೆ ಕೇಳುವುದು ಹೇಗೆ

ದೊಡ್ಡ ವಿಷಯಕ್ಕೆ ಮುಫ್ತಿಯವರ ಕಚೇರಿಗೆ ಬರೆದು ಕೇಳಬಹುದು. ಬರೆಯುವಾಗ ನಿಮ್ಮ ಮಜ್ಹಬ್ ಯಾವುದು, ಪೌರರೋ ಪಾಸಿನವರೋ, ನಡೆದದ್ದು ಏನು ಅಂತ ಸ್ಪಷ್ಟವಾಗಿ ಬರೆಯಿರಿ. ಬ್ರಾಡೆಲ್ ರಸ್ತೆಯ ಸಿಂಗಾಪುರ ಇಸ್ಲಾಮಿಕ್ ಹಬ್‌ನಲ್ಲಿ ಮುಯಿಸ್ ಕಚೇರಿ ಇದೆ. ಆದರೆ ಮುಕ್ಕಾಲು ಪಾಲು ಪ್ರಶ್ನೆಗಳಿಗೆ ಅಷ್ಟು ದೂರ ಹೋಗಬೇಕಿಲ್ಲ. ಪ್ರತಿ ಮಸೀದಿಯಲ್ಲೂ ಒಂದು ಕಚೇರಿ ಇರುತ್ತದೆ, ಒಬ್ಬರು ಉಸ್ತಾದ್ ಸಿಗುತ್ತಾರೆ.

ಅಬ್ಬಾ ಅಸರ್ ಪ್ರಶ್ನೆ ಹಿಡಿದುಕೊಂಡು ಹೋಗಿದ್ದು ಅಲ್ಲಿಗೇ. ಇಂಗ್ಲಿಷ್ ಸರಿಯಾಗಿ ಬರಲ್ಲ, ಮಲಯ್ ಮೊದಲೇ ಇಲ್ಲ. ನಾನು ಪಕ್ಕದಲ್ಲಿ ಕೂತೆ. ಉಸ್ತಾದ್ ಅಬ್ಬಾಗೆ ಮೊದಲು ನೀರು ಕೊಟ್ಟರು. 'ಹನಫಿ' ಅನ್ನುವ ಒಂದು ಪದ ಕೇಳಿದ ಕೂಡಲೇ ಅವರಿಗೆ ಅರ್ಥ ಆಯಿತು. ಜಮಾತಿನಲ್ಲಿ ನಿಲ್ಲುವುದಾದರೆ ಮಸೀದಿಯ ವೇಳೆ, ಒಬ್ಬರೇ ಓದುವುದಾದರೆ ನಿಮ್ಮ ವೇಳೆ, ಎರಡೂ ಸರಿ ಎಂದರು. ಒಂದು ಚೀಟಿ ತೆಗೆದು ಮೇಲೆ ಶಾಫಿ, ಕೆಳಗೆ ಹನಫಿ ಅಂತ ಅರಬಿಯಲ್ಲಿ ಬರೆದು, ಎದುರಿಗೆ ಎರಡು ವೇಳೆ ಹಾಕಿ ಕೊಟ್ಟರು. ಅಬ್ಬಾ ಅದನ್ನು ಮಡಿಸಿ ಶರ್ಟಿನ ಜೇಬಿನಲ್ಲಿ ಇಟ್ಟುಕೊಂಡರು. ವಾಪಸ್ ತುಮಕೂರಿಗೆ ಹೋಗುವ ತನಕ ಆ ಚೀಟಿ ಅದೇ ಜೇಬಿನಲ್ಲಿತ್ತು.